ತೂಕ ಇಳಿಸೋದು ಒಂದು ತಿಂಗಳ ಕೆಲಸ ಅಲ್ಲ: ಅಂಗಡಿಕಾರರು, ನೇಕಾರರಿಗೆ ಉಪಯುಕ್ತ ಮಾಹಿತಿ

ಬಾಗಲಕೋಟೆ: ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ರಾತ್ರಿವರೆಗೂ ಗಲ್ಲಾ ಬಿಟ್ಟು ಏಳೋ ಹಾಗಿಲ್ಲ. ಇಳಕಲ್‌ನ ನೇಕಾರರದ್ದೂ ಮಗ್ಗದ ಮುಂದೆ ಕುಂತೇ ಕೆಲಸ. ನಡುವೆ ಗಿರಾಕಿ ಜೊತೆ ಚಾ, ಸಂಜೆ ಗಿರಮಿಟ್-ಮಿರ್ಚಿ, ರಾತ್ರಿ ಹತ್ತಕ್ಕೆ ಊಟ. ಹೊಟ್ಟೆ ಬೆಳೆಯೋದು ಹೀಗೇ, ಗೊತ್ತಾಗದ ಹಾಗೆ.

ಯಾವಾಗ ಎಚ್ಚರ ಆಗಬೇಕು?
ಟೇಪ್ ಹಿಡಿದು ಹೊಟ್ಟೆಯ ಸುತ್ತಳತೆ ನೋಡಿಕೊಳ್ಳಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆಯ ಅಪಾಯ ಹೆಚ್ಚು. ಭಾರತೀಯರಿಗೆ ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ.

ರೊಟ್ಟಿ ಬಿಡಬೇಡಿ, ಎಣಿಸಿ ತಿನ್ನಿ
100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶ ಇದೆ. ಪಾಲಿಶ್ ಅಕ್ಕಿಯಲ್ಲಿ ಇದು ಬಹಳ ಕಡಿಮೆ. ರೊಟ್ಟಿಗೆ ಎಣ್ಣೆಯೂ ಬೇಡ. ಜೊತೆಗೆ ಹೆಸರುಕಾಳು, ಪುಂಡಿಪಲ್ಲೆ, ಮೆಂತ್ಯೆ, ಹಸಿ ಸೌತೆಕಾಯಿ, ಮೂಲಂಗಿ ಇದ್ದರೆ ಹೊಟ್ಟೆ ಬೇಗ ತುಂಬುತ್ತೆ. ಆದರೆ ಎಣ್ಣೆಗಾಯಿಯ ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಕ್ಯಾಲೊರಿ ಇರುತ್ತೆ. ಶೇಂಗಾ ಹಿಂಡಿ ಒಳ್ಳೆಯದೇ, ಆದರೂ ಎರಡು ಚಮಚಕ್ಕೆ ನಿಲ್ಲಿಸಿ. ಬೆಲ್ಲ, ಅಂಟು, ತುಪ್ಪದ ಅಮೀನಗಡ ಕರದಂಟು ಒಂದು ತುಂಡು ಸಾಕು.

ಚಾದ ಲೆಕ್ಕ
ಕಪ್ಪಿಗೆ ಒಂದೇ ಚಮಚ (5 ಗ್ರಾಂ) ಸಕ್ಕರೆ ಅಂದ್ರೂ ದಿನಕ್ಕೆ 8 ಚಾ ಕುಡಿದರೆ 40 ಗ್ರಾಂ ಸಕ್ಕರೆ, 160 ಕ್ಯಾಲೊರಿ. ಅದನ್ನು ಕರಗಿಸಲು ಸುಮಾರು ಅರ್ಧ ತಾಸು ಬಿರುಸಾಗಿ ನಡೆಯಬೇಕು. ಚಾ 3ಕ್ಕೆ ಇಳಿಸಿದರೆ 100 ಕ್ಯಾಲೊರಿ ಅಲ್ಲೇ ಉಳಿಯಿತು.

ಎಷ್ಟು ನಡೆಯಬೇಕು?
ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆ ಹೇಳುತ್ತದೆ. ಅಂದರೆ ವಾರದಲ್ಲಿ 5 ದಿನ ಅರ್ಧ ತಾಸು. ಒಂದೇ ಸಲ ಆಗದಿದ್ದರೆ ಹತ್ತತ್ತು ನಿಮಿಷ ಮೂರು ಸಲ ಮಾಡಿದರೂ ನಡೆಯುತ್ತೆ. ಬಾದಾಮಿಯವರಿಗೆ ಅಗಸ್ತ್ಯ ತೀರ್ಥದ ದಂಡೆ, ಬಾಗಲಕೋಟೆಯವರಿಗೆ ನವನಗರದ ಅಗಲ ರಸ್ತೆಗಳು ಇದ್ದೇ ಇವೆ. ಹುನಗುಂದ, ಇಳಕಲ್‌ನವರು ಮನೆಯಿಂದ ಅಂಗಡಿಗೆ ಬೈಕ್ ಬಿಟ್ಟು ನಡೆದೇ ಹೋಗಬಹುದು. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸಿ. ತಾಸಿಗೊಮ್ಮೆ ಕುಂತಲ್ಲಿಂದ ಎದ್ದು ಓಡಾಡಿ.

ಅವಸರ ಬೇಡ
ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಸಾಕು. ಉಪವಾಸ ಬಿದ್ದು ಇಳಿಸಿದ ತೂಕ ಊಟ ಶುರುವಾದ ಮೇಲೆ ತಿರುಗಿ ಬರುತ್ತೆ. 80 ಕೆ.ಜಿ. ಇರುವವರು 4 ಕೆ.ಜಿ. ಇಳಿಸಿ ಉಳಿಸಿಕೊಂಡರೂ ಬಿಪಿ, ಸಕ್ಕರೆ ಹತೋಟಿಗೆ ಅನುಕೂಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಡಾಕ್ಟರ್‌ಗೆ ಕೇಳದೆ ಊಟ ಬಿಡಬಾರದು, ಔಷಧಿಯನ್ನೂ ನಿಲ್ಲಿಸಬಾರದು. 30 ವರ್ಷ ದಾಟಿದವರಿಗೆ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ತಪಾಸಣೆ ಉಚಿತ.