ಮದ್ದು: ಅಳೆದದ್ದೋ, ತೂಗಿದ್ದೋ?

ಪ್ರೌಢಶಾಲೆಯಲ್ಲಿ ಇತಿಹಾಸ ಬೋಧಿಸುತ್ತಿದ್ದಾಗ ನಾನೊಂದು ತಪ್ಪನ್ನು ವರ್ಷಗಟ್ಟಲೆ ಹೇಳಿಕೊಟ್ಟೆ. 17ನೆಯ ಶತಮಾನದ ಯೂರೋಪಿನ ಸೈನಿಕರು ಕೋವಿಗೆ ಕರಿಮದ್ದನ್ನು ತೂಗದೆ ಅಳೆದು ತುಂಬುತ್ತಿದ್ದರು, ಅದು ಅವರ ಅಜ್ಞಾನ, ಎಂದು. ಆಗ ಬರೆದುಕೊಂಡ ಶಿಷ್ಯರು ದಯವಿಟ್ಟು ಆ ಟಿಪ್ಪಣಿಯನ್ನು ತಿದ್ದಿಕೊಳ್ಳಬೇಕು.

ತಕ್ಕಡಿಗೇನೂ ಬರವಿರಲಿಲ್ಲ. ಪೆಟ್ಲುಪ್ಪು, ಇದ್ದಿಲು, ಗಂಧಕಗಳನ್ನು ತೂಗಿಯೇ ಬೆರೆಸುತ್ತಿದ್ದರು. ಮುಂದೆ ನೆಲೆಗೊಂಡ ಪ್ರಮಾಣ ನೂರಕ್ಕೆ 75, 15, 10. ಫಿರಂಗಿಯ ಮದ್ದನ್ನು ಗುಂಡಿನ ತೂಕದ ಇಂತಿಷ್ಟು ಪಾಲೆಂದು ಲೆಕ್ಕ ಹಾಕುತ್ತಿದ್ದರು. ರಣರಂಗದಲ್ಲಿ ಮಾತ್ರ ಆ ತೂಕ ಅಳತೆಯ ರೂಪ ತಾಳುತ್ತಿತ್ತು: ಫಿರಂಗಿಗೆ ಅದರ ಬಾಯಿಯ ಅಗಲಕ್ಕೆ ತಕ್ಕ ತಾಮ್ರದ ಸೌಟು, ಬಂದೂಕುಗಾರನ ಎದೆಪಟ್ಟಿಯಲ್ಲಿ ತೂಗಾಡುವ ಮರದ ಕುಪ್ಪಿಗಳು, ಒಂದೊಂದರಲ್ಲಿ ಒಂದೊಂದು ಈಡಿನ ಮದ್ದು.

ಈ ಪದ್ಧತಿಗೆ ಆಧಾರ ಮದ್ದಿನ ಕಾಳು. ಆರಂಭದ ಮದ್ದು ಬರಿಯ ಹುಡಿ. ಗಾಡಿಯ ಕುಲುಕಾಟಕ್ಕೆ ಅದರ ಘಟಕಗಳೇ ಬೇರ್ಪಡುತ್ತಿದ್ದವು, ಅಮುಕಿ ತುಂಬಿದರೊಂದು ಬಲ, ಸಡಿಲ ಬಿಟ್ಟರೊಂದು ಬಲ. 15ನೆಯ ಶತಮಾನದಲ್ಲಿ ಅದನ್ನು ತೇವಗೊಳಿಸಿ, ಗಟ್ಟಿಮಾಡಿ, ಒಡೆದು, ಜರಡಿಯಾಡಿ ಕಾಳಾಗಿಸುವುದನ್ನು ಕಲಿತ ಮೇಲೆ ಅಳತೆ ನಂಬುವಂತಾಯಿತು. ಕಾಳುಮದ್ದು ಹೆಚ್ಚು ಬಲಶಾಲಿ. ಹುಡಿಗೆಂದು ಎರಕ ಹೊಯ್ದ ಹಳೆಯ ಫಿರಂಗಿಗೆ ಅದೇ ಅಳತೆಯಲ್ಲಿ ತುಂಬಿದರೆ ಅದು ಒಡೆದುಹೋಗುವ ಭಯವಿತ್ತು. (ಔಷಧಕ್ಕೂ ಇದಕ್ಕೂ ನಾವು 'ಮದ್ದು' ಎಂದೇ ಹೇಳುತ್ತೇವೆ. ಎರಡರಲ್ಲೂ ಪ್ರಮಾಣ ತಪ್ಪಬಾರದು!)

ಇನ್ನೊಂದು ಕಾರಣವೂ ಉಂಟು. ಕರಿಮದ್ದು ಗಾಳಿಯ ತೇವವನ್ನು ಹೀರುತ್ತದೆ; ತೇವಗೊಂಡ ಮದ್ದನ್ನು ತೂಗಿದರೆ ನೀರನ್ನೂ ತೂಗಿದಂತೆ. ಮೇಲಾಗಿ ಅದರ ಅರ್ಧಕ್ಕಿಂತ ಹೆಚ್ಚು ಭಾಗ ಉರಿದ ಮೇಲೂ ಹೊಗೆಯ ಕಣವಾಗಿ, ಮಸಿಯಾಗಿ ಉಳಿಯುತ್ತದೆ. ಚಿಟಿಕೆಯಷ್ಟು ಹೆಚ್ಚುಕಡಿಮೆಯಾದರೆ ಗುಂಡಿನ ವೇಗ ಬಹಳವೇನೂ ಬದಲಾಗದು. ಅಳತೆಯ ಸಣ್ಣ ತಪ್ಪನ್ನು ಕ್ಷಮಿಸುವ ಗುಣ ಅದಕ್ಕಿತ್ತು.

ಆ ಗುಣ ಹೊಸ ಮದ್ದಿಗಿರಲಿಲ್ಲ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಹೊಗೆರಹಿತ ಮದ್ದನ್ನು ರೂಪಿಸಿದರು. 1887ರಲ್ಲಿ ಆಲ್ಫ್ರೆಡ್ ನೊಬೆಲ್ ಬ್ಯಾಲಿಸ್ಟೈಟ್ ತಂದರು. ಬೇಟೆಗಾರರ ಕೈಯಲ್ಲಿದ್ದದ್ದು ಹಳೆಯ ಡ್ರಾಮ್ ಅಳತೆ. ಒಂದು ಡ್ರಾಮ್ ಔನ್ಸಿನ ಹದಿನಾರನೆಯ ಒಂದು ಭಾಗ. ಕೆಲವು ತಯಾರಕರು ಆ ಅಭ್ಯಾಸವನ್ನರಿತು, ಅದೇ ಬಟ್ಟಲಿನಲ್ಲಿ ಅಳೆಯಬಹುದಾದ ಹಗುರ ಮದ್ದನ್ನು ಮಾಡಿದರು. ಸಾಂದ್ರವಾದ ಮದ್ದನ್ನು ಆ ಬಟ್ಟಲಿನಲ್ಲೇ ತುಂಬಿದವರ ಕೋವಿ ಮುಖದ ಮುಂದೆಯೇ ಒಡೆಯಬಹುದಿತ್ತು. ಅದಕ್ಕೆ ತಕ್ಕಡಿಯೇ ಬೇಕು, ಅದೂ ಗ್ರೇನ್ ಲೆಕ್ಕದಲ್ಲಿ; ಒಂದು ಗ್ರೇನ್ ಸುಮಾರು 65 ಮಿಲಿಗ್ರಾಂ.

ಅಮೆರಿಕದ ಹಲವು ತೋಟಾ ಪೆಟ್ಟಿಗೆಗಳ ಮೇಲೆ ಇಂದಿಗೂ 'ಡ್ರಾಮ್ ಸಮಾನ' ಎಂಬ ಅಂಕಿ ಇರುತ್ತದೆ. ಒಳಗೆ ಅಷ್ಟು ಡ್ರಾಮ್ ಮದ್ದಿರುವುದಿಲ್ಲ; ಅಷ್ಟು ಕರಿಮದ್ದು ಕೊಡುತ್ತಿದ್ದ ವೇಗವಿರುತ್ತದೆ, ಅಷ್ಟೆ.