ಹೌದು, ನಾವೇ ಮಾಡ್ಕೊಂಡ ಹಬ್ಬ

ಹೋದ ಸಲ ಏಪ್ರಿಲ್ 14ಕ್ಕೆ ಕೇರಿ ಬಾಗಿಲಲ್ಲಿ ನೀಲಿ ತೋರಣ ಕಟ್ತಾ ಇದ್ವಿ. ಊರ ಕಡೆಯ ಹಿರಿಯರೊಬ್ಬರು ಬೈಕ್ ನಿಲ್ಲಿಸಿ, "ಇದ್ಯಾವ ಹಬ್ಬಾನಪ್ಪಾ? ಪಂಚಾಂಗದಲ್ಲೇ ಇಲ್ಲ. ನೀವೇ ಮಾಡ್ಕೊಂಡಿರೋದು" ಅಂತ ನಕ್ಕು ಹೋದರು. ನಮ್ಮ ಹುಡುಗರು ಮುಖ ಮುಖ ನೋಡ್ಕೊಂಡರು. ಪಂಚಾಂಗದಲ್ಲಿರೋ ಹಬ್ಬಗಳಲ್ಲಿ ನಮ್ಮ ತಾತಂದಿರ ಪಾಲು ಏನಿತ್ತು? ತಮಟೆ ಬಡಿಯೋದು, ದೂರ ನಿಲ್ಲೋದು, ಕೊನೆಗೆ ಎಸೆದದ್ದನ್ನ ಬಟ್ಟೆಯಲ್ಲಿ ಕಟ್ಕೊಂಡು ಬರೋದು. ಆ ಹಿರಿಯರಿಗೆ ಅವತ್ತು ಕೊಡಲಾಗದ ಉತ್ತರ ಇಲ್ಲಿದೆ.

ಮೊದಲು ಅಮೆರಿಕಕ್ಕೆ ಹೋಗಿ ಬರೋಣ. ಅಲ್ಲಿನ ಕಪ್ಪು ಜನರ ಹೋರಾಟ ನಮಗೆ ಹೊರಗಿನದಲ್ಲ. 1946ರಲ್ಲಿ ಬಾಬಾಸಾಹೇಬರು ಅವರ ನಾಯಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ನೀಗ್ರೋಗಳು ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕೇಳಿದ್ದರು. ಅದೇ ಜನ ಕಟ್ಟಿದ ಹಬ್ಬ ಕ್ವಾಂಜಾ. 1965ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನ ವಾಟ್ಸ್ ಎಂಬ ಕಪ್ಪು ಜನರ ಬಡಾವಣೆ ಪೊಲೀಸರ ಮೇಲಿನ ಸಿಟ್ಟಿಗೆ ಹೊತ್ತಿ ಉರಿದು 34 ಜನ ಸತ್ತರು. ಅದರ ಮರುವರ್ಷ, 1966ರಲ್ಲಿ, ಮೌಲಾನಾ ಕರೆಂಗಾ ಈ ಹಬ್ಬ ಶುರು ಮಾಡಿದರು. ಡಿಸೆಂಬರ್ 26ರಿಂದ ಜನವರಿ 1ರ ತನಕ ಏಳು ದಿನ.

ಹೆಸರು ಸ್ವಾಹಿಲಿ ಭಾಷೆಯದು, ಮೊದಲ ಫಸಲು ಅನ್ನೋ ಮಾತಿನಿಂದ ಬಂದದ್ದು. ಗುಲಾಮರಾಗಿ ಅಮೆರಿಕಕ್ಕೆ ಹೋದವರಲ್ಲಿ ಹೆಚ್ಚಿನವರು ಆಫ್ರಿಕಾದ ಪಶ್ಚಿಮದವರು, ಸ್ವಾಹಿಲಿ ಪೂರ್ವದ ಭಾಷೆ. ಅದಕ್ಕೇ ಕೆಲವರು ಆಡಿಕೊಂಡದ್ದೂ ಉಂಟು. ಆದರೆ ಯಾವ ಊರು, ಯಾವ ಕುಲ ಅನ್ನೋದನ್ನೇ ಕಿತ್ತುಕೊಂಡ ಮೇಲೆ ಯಾವ ಭಾಷೆ ಅಂತ ಹುಡುಕೋದು? ಯಾವ ಒಂದು ಕುಲಕ್ಕೂ ಸೇರದ ಭಾಷೆ ತಗೊಂಡರು.

ಒಂದು ಚಾಪೆ ಹಾಸ್ತಾರೆ. ಅದರ ಮೇಲೆ ಏಳು ಮೇಣದ ಬತ್ತಿಯ ದೀಪಕಂಬ: ನಡುವೆ ಒಂದು ಕಪ್ಪು, ಈ ಕಡೆ ಮೂರು ಕೆಂಪು, ಆ ಕಡೆ ಮೂರು ಹಸಿರು. ಕಪ್ಪು ಅಂದ್ರೆ ಜನ, ಕೆಂಪು ಅಂದ್ರೆ ಹೋರಾಟ, ಹಸಿರು ಅಂದ್ರೆ ಮುಂದಿನ ಬದುಕು. ಈ ಮೂರು ಬಣ್ಣ 1920ರಲ್ಲಿ ಮಾರ್ಕಸ್ ಗಾರ್ವೆಯವರ ಸಂಘಟನೆ ಎತ್ತಿದ ಬಾವುಟದ್ದು. ದಿನಕ್ಕೊಂದು ಬತ್ತಿ, ದಿನಕ್ಕೊಂದು ಮಾತು. ಮೊದಲ ದಿನ ಒಗ್ಗಟ್ಟು, ಎರಡನೇ ದಿನ ನಮ್ಮ ಹೆಸರು, ನಮ್ಮ ದಾರಿ ನಾವೇ ತೀರ್ಮಾನಿಸೋದು, ಹೀಗೆ. ಒಂದೇ ಬಟ್ಟಲಲ್ಲಿ ಎಲ್ಲರೂ ಕುಡೀತಾರೆ. ಚಹಾ ಅಂಗಡಿಯ ಎರಡು ಲೋಟ ಕಂಡ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಮೆಕ್ಕೆಜೋಳದ ತೆನೆ. ಮನೆಯಲ್ಲಿ ಎಷ್ಟು ಮಕ್ಕಳೋ ಅಷ್ಟು ತೆನೆ ಚಾಪೆ ಮೇಲೆ ಇಡ್ತಾರೆ. ಮಕ್ಕಳಿಲ್ಲದ ಮನೆಯವರೂ ಒಂದು ಇಡ್ತಾರೆ, ಮಕ್ಕಳು ಎಲ್ಲರಿಗೂ ಸೇರಿದವರು ಅಂತ.

ಇಂಥದ್ದು ನಮ್ಮ ಪಕ್ಕದಲ್ಲೇ, ಇದಕ್ಕೂ ಮೊದಲೇ ನಡೆದಿತ್ತು ಅಂದ್ರೆ ನಂಬ್ತೀರಾ? ಕೋಲಾರದ ಚಿನ್ನದ ಗಣಿಯಲ್ಲಿ. ಸಿದ್ಧವೈದ್ಯರಾಗಿದ್ದ ಅಯೋತ್ತಿದಾಸ ಪಂಡಿತರು 1898ರಲ್ಲಿ ಕೊಲಂಬೊಗೆ ಹೋಗಿ ಬೌದ್ಧರಾದರು, ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಬಾಬಾಸಾಹೇಬರ ದೀಕ್ಷೆಗೆ 58 ವರ್ಷ ಮೊದಲು! 1907ರಲ್ಲಿ ಅವರು ಶುರು ಮಾಡಿದ ಪತ್ರಿಕೆಯ ಬೆಲೆ ಒಂದು ಪೈಸೆ. ಅವರ ಸಂಘ ಗಟ್ಟಿಯಾಗಿ ಬೇರು ಬಿಟ್ಟದ್ದು ಮಾರಿಕುಪ್ಪಂ, ಚಾಂಪಿಯನ್ ರೀಫ್ಸಿನ ಗಣಿ ಕಾರ್ಮಿಕರ ಲೈನುಗಳಲ್ಲಿ. ನೆಲದಡಿ ಇಳಿದು ದುಡಿದ ಜನ ಮೇಲೆ ಬಂದು ಬುದ್ಧ ವಿಹಾರ ಕಟ್ಟಿದರು, ಮದುವೆ ಸಾವುಗಳನ್ನ ಪುರೋಹಿತರಿಲ್ಲದೆ ನಡೆಸಿದರು. ಪಂಡಿತರ ಬರಹಗಳನ್ನ ಪುಸ್ತಕ ಮಾಡಿ ಉಳಿಸಿದ್ದೂ ಕೆಜಿಎಫ್‌ನ ಸಿದ್ಧಾರ್ಥ ಪುಸ್ತಕಶಾಲೆಯೇ.

ಪಂಡಿತರು ಹಬ್ಬಗಳನ್ನೂ ಬಿಡಲಿಲ್ಲ. ದೀಪಾವಳಿ ಅಸುರನನ್ನ ಕೊಂದ ದಿನ ಅಲ್ಲ, ಬೌದ್ಧ ಭಿಕ್ಷುಗಳು ಎಳ್ಳೆಣ್ಣೆ ತೆಗೆಯೋದು ಕಂಡುಹಿಡಿದು ಜನರಿಗೆ ಕೊಟ್ಟ ದಿನ, ಎಣ್ಣೆಸ್ನಾನ ಅದರ ನೆನಪು ಅಂತ ಬರೆದರು. ಇತಿಹಾಸದವರು ಇದನ್ನ ಒಪ್ಪೋದು ಕಷ್ಟ, ನಾನೂ ಪೂರಾ ಒಪ್ಪಲ್ಲ. ಆದರೆ ನಮ್ಮವರಂಥ ಒಬ್ಬನನ್ನ ಕೊಂದ ದಿನಕ್ಕೆ ನಾವೇ ಯಾಕೆ ಪಟಾಕಿ ಹೊಡೀಬೇಕು ಅನ್ನೋ ಅವರ ಪ್ರಶ್ನೆ ಹಾಗೇ ಇದೆ.

ಇನ್ನು ನಮ್ಮ ಜಯಂತಿ. ಬಾಬಾಸಾಹೇಬರು ಬದುಕಿದ್ದಾಗಲೇ, 1928ರಲ್ಲಿ, ಪುಣೆಯಲ್ಲಿ ಜನಾರ್ದನ ರಣಪಿಸೆ ಎಂಬ ಕಾರ್ಯಕರ್ತರು ಮೊದಲ ಸಲ ಆಚರಿಸಿದರು. ನೀಲಿ ಬಣ್ಣ 1942ರಲ್ಲಿ ಬಾಬಾಸಾಹೇಬರು ಕಟ್ಟಿದ ಪರಿಶಿಷ್ಟ ಜಾತಿಗಳ ಒಕ್ಕೂಟದ ಬಾವುಟದ್ದು. ಎಷ್ಟೋ ವಿಗ್ರಹಗಳ ಕೈಯಲ್ಲಿ ಆಯುಧ ಇರೋ ದೇಶದಲ್ಲಿ ನಮ್ಮ ವಿಗ್ರಹದ ಕೈಯಲ್ಲಿ ಪುಸ್ತಕ ಇದೆ. ಇದನ್ನೆಲ್ಲ ನಮ್ಮ ಮಕ್ಕಳಿಗೆ ಯಾರು ಹೇಳಿದ್ದೀವಿ? ಡಿಜೆ ಬಾಡಿಗೆಗೆ ದುಡ್ಡು ಎತ್ತೋದರಲ್ಲೇ ಸಂಜೆ ಆಗಿಬಿಡುತ್ತೆ. ನಾನೂ ರಸೀದಿ ಪುಸ್ತಕ ಹಿಡಿದು ಓಡಾಡಿದವನೇ, ಬೇರೆಯವರನ್ನ ಅನ್ನೋಕೆ ಬಾಯಿಲ್ಲ.

ಸಂಘದ ಮುಂದೆ ಒಂದು ಮಾತು ಇಡ್ತೀನಿ. ಬರೋ ಏಪ್ರಿಲ್ 14ಕ್ಕೆ ಫೋಟೋದ ಮುಂದೆ ಚಾಪೆ ಹಾಸಿ, ಕೇರಿಯ ಮಗುವಿಗೊಂದರಂತೆ ರಾಗಿ ತೆನೆ ಇಡೋಣ. ಮಕ್ಕಳಿಲ್ಲದ ಮನೆಯಿಂದಲೂ ಒಂದು. ಏಪ್ರಿಲ್‌ನಲ್ಲಿ ಹೊಲದಲ್ಲಿ ತೆನೆ ಸಿಗಲ್ಲ, ಸುಗ್ಗಿಯಲ್ಲೇ ಎತ್ತಿಡಬೇಕು. ಕೂಲಿಗೆ ಹೋಗೋ ಅಕ್ಕಂದಿರು ಕೊಯ್ಲಿನ ದಿನ ಮರೀಬೇಡಿ.