ನಿಮ್ಮ ಮನೆಯ ಇಂಟರ್ನೆಟ್ಟಿಗೆ ಸ್ವಂತ ವಿಳಾಸ ಯಾಕಿಲ್ಲ?

ಕಾಗದ ಬರೆಯುತ್ತಿದ್ದ ಕಾಲದಲ್ಲಿ ಒಂಟಿ ಮನೆ, ತೋಟದ ಮನೆಗಳಿಗೆ ಪತ್ರ ಬರುತ್ತಿದ್ದುದು ಪೇಟೆಯ ದಿನಸಿ ಅಂಗಡಿಯ 'ಕೇರಾಫ್' ವಿಳಾಸಕ್ಕೆ. ಯಾವ ಪತ್ರ ಯಾರದು ಎಂದು ಅಂಗಡಿಯವರೇ ನೋಡಿ ಕೊಡುತ್ತಿದ್ದರು. ನಿಮ್ಮ ಕೈಯಲ್ಲಿರುವ ಮೊಬೈಲಿನ ಇಂಟರ್ನೆಟ್ಟೂ ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತದೆ. ಒಂದೇ ವಿಳಾಸದ ಹಿಂದೆ ನೂರಾರು ಮಂದಿ ಇರುತ್ತಾರೆ.

ಇಷ್ಟು ದಿನ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಆದರೆ ಊರಿನಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರಿಗೆ ಈಗ ಒಂದು ಪ್ರಶ್ನೆ ಎದುರಾಗುತ್ತದೆ: 'ನಿಮ್ಮಲ್ಲಿ ಸ್ಟಾಟಿಕ್ ಐಪಿ ಇದೆಯಾ?' ಅಂದರೆ, ದಿನವೂ ಬದಲಾಗದ, ನಿಮಗೊಬ್ಬರಿಗೇ ಸೇರಿದ ಇಂಟರ್ನೆಟ್ ನಂಬರ್. ಪಟ್ಟಿಯಲ್ಲಿರುವ ನಂಬರಿನಿಂದ ಬಂದವರನ್ನು ಮಾತ್ರ ಒಳಗೆ ಬಿಡುವ ಕಂಪನಿಗಳಿವೆ. ಈ ನಂಬರ್ ಹಳ್ಳಿಯಲ್ಲಿ ಸುಲಭಕ್ಕೆ ಸಿಗದಿರುವುದರ ಹಿಂದೆ ನಲವತ್ತು ವರ್ಷ ದಾಟಿದ ಕಥೆಯಿದೆ.

ಈಗಲೂ ಬಳಕೆಯಲ್ಲಿರುವ ಐಪಿ ವಿಳಾಸದ ನಿಯಮ ಅಮೆರಿಕದಲ್ಲಿ ಪ್ರಕಟವಾದದ್ದು 1981ರ ಸೆಪ್ಟೆಂಬರಿನಲ್ಲಿ. ಅದರ ಲೆಕ್ಕದಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸಗಳು. ಆಗ ಪ್ರಪಂಚದ ಜನಸಂಖ್ಯೆಯೇ ಸುಮಾರು 450 ಕೋಟಿ. ತಲೆಗೊಂದರಂತೆ ಹಂಚಿದರೂ ಸಾಲುತ್ತಿರಲಿಲ್ಲ. ಆದರೆ ಅದನ್ನು ಕಟ್ಟಿದವರಿಗೆ ಅದು ಸಂಶೋಧಕರ ಪ್ರಯೋಗ. ಅದು ಮನೆಮನೆಗೆ ಬರುತ್ತದೆ ಎಂದು ಯಾರೂ ಎಣಿಸಿರಲಿಲ್ಲ.

ಹಾಗಾಗಿ ಮೊದಲು ಬಂದವರಿಗೆ ಧಾರಾಳವಾಗಿ ಬಡಿಸಿದರು. ನಂಬರುಗಳ ಲೆಕ್ಕ ಇಡುತ್ತಿದ್ದವರು ಜಾನ್ ಪೋಸ್ಟೆಲ್ ಎಂಬ ವಿಜ್ಞಾನಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ, ಫೋರ್ಡ್ ಕಾರು ಕಂಪನಿ, ಆಪಲ್ ಕಂಪನಿಗಳಿಗೆ ತಲಾ 1.6 ಕೋಟಿಗೂ ಹೆಚ್ಚು ವಿಳಾಸ ಸಿಕ್ಕವು. ಇದರಲ್ಲಿ ಮೋಸವೇನೂ ಇರಲಿಲ್ಲ, ಕೇಳಿದವರಿಗೆ ಕೊಟ್ಟರು ಅಷ್ಟೇ.

ನಮ್ಮ ದೇಶದ ಸಾಮಾನ್ಯ ಜನರಿಗೆ ವಿಎಸ್‌ಎನ್‌ಎಲ್ ಮೂಲಕ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು. ಅಷ್ಟರಲ್ಲಿ ವಿಳಾಸಗಳು ಮುಗಿಯುವ ಭಯ ಶುರುವಾಗಿತ್ತು. ಒಂದೇ ವಿಳಾಸವನ್ನು ಹಲವರು ಹಂಚಿಕೊಳ್ಳುವ ಉಪಾಯವನ್ನು 1994ರಲ್ಲೇ ಬರೆದಿಟ್ಟಿದ್ದರು. 2011ರ ಫೆಬ್ರವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ಕಂತು ಹಂಚಿಹೋಯಿತು. ಏಷ್ಯಾ ಭಾಗಕ್ಕೆ ವಿಳಾಸ ಹಂಚುವ ಎಪಿನಿಕ್ ಸಂಸ್ಥೆ ಅದೇ ಏಪ್ರಿಲ್‌ನಿಂದ ರೇಷನ್ ಕೊಡುವಂತೆ ಅಳೆದು ಕೊಡತೊಡಗಿತು. ನಮ್ಮ ಹಳ್ಳಿಗಳಿಗೆ 4ಜಿ ಬಂದದ್ದು ಇದೆಲ್ಲ ಆದ ಮೇಲೆ. ಹೋಳಿಗೆ ಖಾಲಿಯಾದ ಮೇಲೆ ಪಂಕ್ತಿಗೆ ಕೂತ ಹಾಗಾಯಿತು.

ಕಂಪನಿಗಳು ಆಗ ಕೇರಾಫ್ ದಾರಿ ಹಿಡಿದವು. ಇಂಥ ಹಂಚಿಕೆಗೆಂದೇ 2012ರಲ್ಲಿ ನಂಬರುಗಳ ಒಂದು ಗುಂಪನ್ನು ಮೀಸಲಿಟ್ಟರು. ನಿಮ್ಮ ವೈಫೈ ರೂಟರಿನ ಸೆಟ್ಟಿಂಗ್‌ನಲ್ಲಿ 'ವ್ಯಾನ್ ಐಪಿ' ಎಂಬುದು 100.64ರಿಂದ 100.127ರ ಒಳಗಿನ ನಂಬರಿನಿಂದ ಶುರುವಾಗಿದ್ದರೆ ನೀವು ಹಂಚಿಕೆಯ ವಿಳಾಸದಲ್ಲಿದ್ದೀರಿ ಎಂದರ್ಥ.

ಇನ್ನು ಮನೆಯಿಂದ ಕೆಲಸದ ವಿಷಯ. ಕಾಲ್ ಸೆಂಟರ್, ಬಿಪಿಒಗಳು ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿಸಬೇಕಿತ್ತು. ನೌಕರರನ್ನು ಮನೆಯಲ್ಲಿ ಕೂರಿಸಲು ಒಪ್ಪಂದ, ಭದ್ರತಾ ಠೇವಣಿ, ಟೆಲಿಕಾಂ ಕಂಪನಿಯಿಂದಲೇ ಪಡೆದ ವಿಪಿಎನ್ ಎಲ್ಲವೂ ಬೇಕಿತ್ತು. ಕೊರೊನಾ ಬಂತು. 2020ರ ಮಾರ್ಚ್ 13ರಂದು ಇಲಾಖೆ ಠೇವಣಿ, ಒಪ್ಪಂದ ಎರಡನ್ನೂ ತಾತ್ಕಾಲಿಕವಾಗಿ ಬಿಟ್ಟಿತು. ಸ್ಟಾಟಿಕ್ ಐಪಿ ಬಳಸಿ ಕಂಪನಿಗಳೇ ವಿಪಿಎನ್ ಮಾಡಿಕೊಳ್ಳಬಹುದು ಎಂದಿತು. ನವೆಂಬರಿನಲ್ಲಿ ನೋಂದಣಿಯೇ ರದ್ದಾಯಿತು, ದೇಶದ ಯಾವ ಮೂಲೆಯಿಂದಲಾದರೂ ಕೆಲಸ ಮಾಡಲು ದಾರಿಯಾಯಿತು. ಕಾನೂನಿನ ಬಾಗಿಲು ತೆರೆಯಿತು, ವಿಳಾಸದ ಕೊರತೆ ಹಾಗೇ ಉಳಿಯಿತು.

ಇದಕ್ಕೆ ಪರಿಹಾರ ಹುಟ್ಟಿ ಎಷ್ಟೋ ವರ್ಷವಾಯಿತು. ಐಪಿವಿ6 ಎಂಬ ಹೊಸ ಪದ್ಧತಿಯ ಮೊದಲ ನಿಯಮ 1995ರಲ್ಲೇ ಬಂತು. ಅದರಲ್ಲಿ ವಿಳಾಸಗಳಿಗೆ ಬರವೇ ಇಲ್ಲ. ಅದನ್ನು ಹೆಚ್ಚು ಬಳಸುವ ದೇಶಗಳ ಸಾಲಿನಲ್ಲಿ ಭಾರತವೂ ಇದೆ. ಆದರೆ ನಿಮ್ಮ ಕಂಪನಿಯ ಗೇಟಿಗೆ ಹಳೆಯ ನಂಬರ್ ಮಾತ್ರ ಗೊತ್ತಿದ್ದರೆ ಹೊಸದು ಪ್ರಯೋಜನಕ್ಕೆ ಬರುವುದಿಲ್ಲ.

ಆದ್ದರಿಂದ ದುಡ್ಡು ಕೊಡುವ ಮೊದಲು ಕಂಪನಿಯವರನ್ನು ಒಂದು ಮಾತು ಕೇಳಿ: 'ನನ್ನ ಮನೆಗೇ ಸ್ಟಾಟಿಕ್ ಐಪಿ ಬೇಕೋ, ನಿಮ್ಮ ವಿಪಿಎನ್ ಸಾಕೋ?' ವಿಪಿಎನ್ ಇದ್ದರೆ ಮೊದಲು ನೀವು ಕಂಪನಿಯ ಬಾಗಿಲಿಗೆ ಹೋಗುತ್ತೀರಿ, ಅಲ್ಲಿಂದ ಮುಂದೆ ಕಂಪನಿಯ ಸ್ಥಿರ ನಂಬರಿನಲ್ಲೇ ಓಡಾಡುತ್ತೀರಿ. ಅದಕ್ಕೆ ಸಾಮಾನ್ಯವಾಗಿ ಹಂಚಿಕೆಯ ವಿಳಾಸವೂ ಸಾಕು. ಮನೆಗೇ ಬೇಕೆಂದರೆ ಫೈಬರ್ ಕಂಪನಿಯಲ್ಲಿ ವಿಚಾರಿಸಿ. ಮಾಮೂಲಿ ಮೊಬೈಲ್ ಸಿಮ್ಮಿಗೆ ಅದು ಸಿಗುವುದು ಕಷ್ಟ. ಅದಕ್ಕೆ ಬೇರೆ ಬಾಡಿಗೆ ಎಷ್ಟು, ತಿಂಗಳಿಗೋ ವರ್ಷಕ್ಕೋ ಎಂದು ಬರವಣಿಗೆಯಲ್ಲಿ ಪಡೆಯಿರಿ. ಇದರಿಂದ ವೇಗವೇನೂ ಹೆಚ್ಚುವುದಿಲ್ಲ. ಹೊರಗಿನವರು ನೇರ ನಿಮ್ಮ ಬಾಗಿಲು ತಟ್ಟಬಹುದಾದ್ದರಿಂದ ರೂಟರಿನ ಪಾಸ್‌ವರ್ಡ್ ಕೂಡಲೇ ಬದಲಿಸಿ.

ಕೆಲಸ ಕೊಡುವವರಿಗೂ ಒಂದು ಮಾತು. ಐಪಿ ನಂಬರ್ ಗುರುತಿಸುವುದು ತಂತಿಯನ್ನು, ಮನುಷ್ಯನನ್ನಲ್ಲ. ಆ ಮನೆಯ ವೈಫೈ ಬಳಸುವ ನೆಂಟರಿಗೂ ಅದೇ ನಂಬರ್. ಪಾಸ್‌ವರ್ಡ್ ಜೊತೆ ಒಟಿಪಿ ಕೇಳಿ ಗುರುತು ಹಿಡಿಯುವ ದಾರಿ ಇರುವಾಗ, 1981ರ ಲೆಕ್ಕದ ಕೊರತೆಗೆ ಇಂದಿನ ಹಳ್ಳಿ ಹುಡುಗಿಯ ಕೆಲಸ ತಪ್ಪಬೇಕಾಗಿಲ್ಲ.